ಬೈಂದೂರಿನ ಟಾಕೀಸಿಗೆ ಮಾಡು ಕಟ್ಟಿದ ಮಳೆಗಾಲ

ಕಳೆದ ತಿಂಗಳು ದಾವಣಗೆರೆ ಹತ್ತಿರ ಹಳೆಯ ಪ್ರವಾಸಿ ಬಂಗಲೆಯೊಂದರ ರಿಪೇರಿ ಕೆಲಸ ನೋಡಲು ಹೋಗಿದ್ದೆ. ಬಡಗಿಯೊಬ್ಬ ತಗಡಿನ ಡಬ್ಬದ ಮುಚ್ಚಳ ತೆಗೆದು, ಕಪ್ಪಗಿನ ಎಣ್ಣೆಯನ್ನು ತೊಲೆಗೆ ಬಳಿಯತೊಡಗಿದ. ಘಾಟು ಮೂಗಿಗೆ ಬಡಿಯಿತು. "ಗೇರುಬೀಜದ ಸಿಪ್ಪೆ ಎಣ್ಣೆ ಮೇಡಂ, ಕರಾವಳಿಯಿಂದ ತರಿಸಿದ್ದು. ಗೆದ್ದಲು ಹತ್ತಿರ ಸುಳಿಯಲ್ಲ" ಎಂದು ವಿವರಿಸಲು ಶುರುಮಾಡಿದ. "ಗೊತ್ತಪ್ಪ. ಕೈಗೆ ಹರಳೆಣ್ಣೆ ಹಚ್ಕೊಂಡಿದೀಯಾ? ಇಲ್ಲಾಂದ್ರೆ ಚರ್ಮ ಸುಲಿದು ಬರುತ್ತೆ" ಅಂದೆ. ಅವನು ಹಚ್ಚಿಕೊಂಡಿರಲಿಲ್ಲ. ಹರಳೆಣ್ಣೆ ತರಿಸಿಕೊಟ್ಟು, ಮಾಡಬೇಕಾದ ಬೇರೆ ಕೆಲಸ ಬಿಟ್ಟು, ಅವನು ಬಳಿಯುವುದನ್ನು ನೋಡುತ್ತ ಅಲ್ಲೇ ಒಂದು ಗಂಟೆ ಕೂತೆ. ಆ ಘಾಟಿನೊಳಗೆ ನನಗೆ ಇನ್ನೂ ಇಪ್ಪತ್ತೈದೇ ವರ್ಷ. ಹೊರಗೆ ಬೈಂದೂರಿನ ಮಳೆ.

ಅದು ೨೦೦೪ನೇ ಇಸವಿ. ಸಹಾಯಕ ಇಂಜಿನಿಯರ್ ಆಗಿ ನನ್ನ ಮೊದಲ ಪೋಸ್ಟಿಂಗು ಕುಂದಾಪುರಕ್ಕೆ. ನಾನು ಚಳ್ಳಕೆರೆ ಕಡೆಯವಳು. ನಮ್ಮಲ್ಲಿ ಮಳೆ ಬಂದರೆ ಜನ ಅಂಗಳಕ್ಕೆ ಬಂದು ಆಕಾಶ ನೋಡುತ್ತಾರೆ; ಕುಂದಾಪುರದಲ್ಲಿ ಮಳೆ ನಿಂತರೆ ನೋಡುತ್ತಾರೆ. ಆಡುವುದು ಕನ್ನಡವೇ ಆದರೂ ಮೊದಲ ಹದಿನೈದು ದಿನ ನನಗೆ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಹೋಗೋಣ ಎನ್ನಲು ಬಸ್ಸಿನ ಕಂಡಕ್ಟರು "ಹೋಪ, ಹೋಪ" ಅಂದಾಗ ಹೋಪ ಎಂಬ ಊರು ಬಂತೇನೋ ಎಂದು ಇಳಿಯಲು ಎದ್ದು ನಿಂತವಳು ನಾನು.

ಮೇ ತಿಂಗಳ ಕೊನೆಯಲ್ಲಿ ನಮ್ಮ ಸಾಹೇಬರು ಒಂದು ಫೈಲು ಕೊಟ್ಟರು. ಬೈಂದೂರಿನಲ್ಲಿ ರತ್ನಾಕರ ಟಾಕೀಸು ಎಂಬುದೊಂದು ಇತ್ತು. ಏಳು ವರ್ಷದಿಂದ ಮುಚ್ಚಿತ್ತು. ಹಿಂದಿನ ವರ್ಷ ಗಾಳಿಗೆ ಅದರ ಹಂಚು ಹಾರಿ ರಸ್ತೆಗೆ ಬಿದ್ದಿತ್ತಂತೆ. ಕಟ್ಟಡ ಅಪಾಯಕಾರಿಯೋ ಅಲ್ಲವೋ ನೋಡಿ ಅಭಿಪ್ರಾಯ ಕೊಡಿ ಎಂದು ಪಂಚಾಯತಿಯವರು ಕೇಳಿದ್ದರು.

"ಹೋಗಿ ಒಂದು ಸಲ ನೋಡಿಕೊಂಡು ಬಾಮ್ಮ" ಅಂದರು ಸಾಹೇಬರು. "ಹೊಸಬಳು ನೀನು, ಒಂದು ಮಾತು ತಿಳ್ಕೊ. ಅಪಾಯಕಾರಿ ಅಂತ ಬರೆದವರನ್ನು ಯಾರೂ ಯಾವತ್ತೂ ಪ್ರಶ್ನೆ ಕೇಳೋದಿಲ್ಲ. ಸುರಕ್ಷಿತ ಅಂತ ಬರೆದವರನ್ನು ಮಾತ್ರ ಕೇಳೋದು."

ಮರವಂತೆ ದಾಟಿ, ಬೈಂದೂರಿನಲ್ಲಿ ಬಸ್ಸಿಳಿದು ಟಾಕೀಸಿನ ಹತ್ತಿರ ಹೋದರೆ ಗೇಟಿನೆದುರು ಮೂವತ್ತು ನಲವತ್ತು ಹೆಂಗಸರು ನಿಂತಿದ್ದರು. ಎದುರುಗಡೆಯೇ ಗೇರುಬೀಜದ ಕಾರ್ಖಾನೆ. ಬೀಜ ಒಡೆದು ಸಿಪ್ಪೆ ಬಿಡಿಸುವ ಕೆಲಸದವರು ಅವರು. ಊಟದ ಬಿಡುವಿನಲ್ಲಿ ಎದ್ದು ಬಂದಿದ್ದರು. ಸಿಪ್ಪೆಯ ಎಣ್ಣೆ ತಾಗಿ ಎಲ್ಲರ ಬೆರಳೂ ಕಪ್ಪು. ಮುಂದೆ ನಿಂತಿದ್ದವಳು ನಲವತ್ತೈದರ ಆಸುಪಾಸಿನ ತೆಳ್ಳಗಿನ ಹೆಂಗಸು, ಹೆಸರು ಸುಶೀಲ. ಊರೆಲ್ಲ ಅವಳನ್ನು ಸುಶೀಲಕ್ಕ ಅನ್ನುತ್ತಿತ್ತು. ಎರಡು ದಿನದಲ್ಲಿ ನಾನೂ ಅನ್ನತೊಡಗಿದೆ.

"ಇಂಜಿನೇರಮ್ಮ, ನಮ್ ಊರಗೆ ಇಪ್ಪುದ್ ಇದೊಂದೇ. ನಮ್ಗೊಂದ್ ಟಾಕೀಸ್ ಇತ್ತ್" ಅಂದಳು.

"ಇತ್ತು ಅಂತ ಫೈಲಿನಲ್ಲೂ ಬರೆದಿದೆ ಕಣಮ್ಮ. ಈಗ ಇಲ್ಲವಲ್ಲ" ಅಂದೆ.

ಅವಳ ಹುಬ್ಬು ಮೇಲೇರಿತು. "ಇಲ್ಯಾ? ಇತ್ತ್ ಅಂದ್ರೆ ಇತ್ತ್! ಕಾಣಿ, ನಿಮ್ಮ್ ಎದ್ರಿಗೇ ಇತ್ತ್!"

ಹಿಂದಿದ್ದವರೆಲ್ಲ ಬಿದ್ದೂ ಬಿದ್ದೂ ನಕ್ಕರು. ಅವರ ಮಾತಿನಲ್ಲಿ 'ಇತ್ತ್' ಎಂದರೆ 'ಇದೆ' ಎಂದು ನನಗೆ ತಿಳಿದದ್ದು ಆವತ್ತು. ನನ್ನ ಪಾಲಿಗೆ ಆಗಿಹೋಗಿದ್ದ ಟಾಕೀಸು ಅವರ ಪಾಲಿಗೆ ಇನ್ನೂ ಇತ್ತು.

ಅವರಿಗೆ ಯಾಕೆ ಅದು ಅಷ್ಟು ಬೇಕು ಎಂದು ಕೇಳಿದೆ. ಭಾನುವಾರ ಕಾರ್ಖಾನೆಗೆ ರಜೆ. ಮೊದಲೆಲ್ಲ ಬೆಳಿಗ್ಗೆ ಬಟ್ಟೆ ಒಗೆದು, ಅಡಿಗೆ ಮುಗಿಸಿ, ತಲೆಗೆ ಹೂ ಮುಡಿದು ಮಧ್ಯಾಹ್ನದ ಆಟಕ್ಕೆ ಬರುತ್ತಿದ್ದರು. ಗಂಡಸರು ಈಗಲೂ ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿ ಪಿಚ್ಚರ್ ನೋಡಿ ಬರುತ್ತಾರೆ. ಇವರಿಗೆ ಅದು ಸಾಧ್ಯವಿಲ್ಲ.

"ಮನೆಯಲ್ಲಿ ಟೀವಿ ಇಲ್ವಾ?"

"ಇತ್ತ್. ಟೀವಿ ಮನ್ಯಗೇ ಇತ್ತಲ್ದಾ, ಅದೇ ತೊಂದ್ರಿ" ಅಂದಳು ಸುಶೀಲಕ್ಕ. "ಪಿಚ್ಚರ್ ಕಾಂತಾ ಇಪ್ಪತಿಗೆ ಮೀನ್ ಕಾಯ್ಸ್ ಅಂತ್ರ್, ಚಾ ಮಾಡ್ ಅಂತ್ರ್. ಟಾಕೀಸಗೆ ಕೂಕಂಡ್ರೆ ಮೂರ್ ಗಂಟಿ ಯಾರೂ ನಮ್ಮನ್ ಕರುದಿಲ್ಲ."

ಅಷ್ಟರಲ್ಲಿ ಟಾಕೀಸಿನ ಯಜಮಾನರು ಬೀಗದ ಕೈ ಹಿಡಿದುಕೊಂಡು ಬಂದರು. ವಾಸುದೇವಣ್ಣ ಎಂದು. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಟಾಕೀಸು ಕಟ್ಟಿಸಿದ್ದು ಅವರ ತಂದೆ. ಕೇಬಲ್ ಟೀವಿ ಬಂದು ಜನ ಕಡಿಮೆಯಾಗಿ, ಹಂಚಿನ ಛಾವಣಿ, ಅಲ್ಲಿಯವರ ಮಾತಿನಲ್ಲಿ ಮಾಡು, ಸೋರಿ, ಬಂದವರೂ ಕೊಡೆ ಹಿಡಿದು ಕೂರುವ ಹಾಗಾದಾಗ ಇವರು ಬೇಸತ್ತು ಮುಚ್ಚಿದ್ದರು.

"ನಂಗೆ ಇದ್ರ್ ಸುದ್ದಿಯೇ ಬ್ಯಾಡ ಅಮ್ಮ" ಅಂದರು. "ಅಪಾಯ ಅಂದ್ ಬರ್ದ್ ಕೊಡಿ. ದೀಪಾವಳಿ ಕಳ್ದ್ ಮೇಲೆ ಒಡ್ಸಿ ಬಿಡ್ತೆ."

ಒಳಗೆ ಹೋದೆ. ಬಾವಲಿಗಳು ಒಮ್ಮೆಲೇ ಎದ್ದವು. ಪರದೆ ಇದ್ದ ಜಾಗದಲ್ಲಿ ನಾಲ್ಕು ಚಿಂದಿ. ಬೆಂಚುಗಳ ನಡುವೆ ಸೊಂಟದೆತ್ತರಕ್ಕೆ ಜರಿಗಿಡ. ಮಾಡಿನ ತೂತುಗಳಿಂದ ಬಿಸಿಲು ಕೋಲು ಕೋಲಾಗಿ ಇಳಿದಿತ್ತು. ಕೆಂಪು ಮುರಕಲ್ಲಿನ ಗೋಡೆಗಳನ್ನು ಸುತ್ತಿಗೆಯಿಂದ ಬಡಿದು ನೋಡಿದೆ. ಗಟ್ಟಿ ಸದ್ದು ಬಂತು. ಏಣಿ ತರಿಸಿ ಮೇಲೆ ಹತ್ತಿದೆ. ಮಾಡನ್ನು ಹೊತ್ತಿದ್ದ ಮರದ ಕತ್ತರಿಗಳು, ಎಂದರೆ ತ್ರಿಕೋನದ ಚೌಕಟ್ಟುಗಳು, ಒಂಬತ್ತು. ಅವುಗಳಲ್ಲಿ ನಾಲ್ಕರ ತುದಿ, ಗೋಡೆಯ ಮೇಲೆ ಕೂರುವಲ್ಲಿ, ಲಡ್ಡಾಗಿತ್ತು. ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಬಾಲ್ಕನಿಯ ಕಾಂಕ್ರೀಟಿನಲ್ಲಿ ಕೂದಲೆಳೆಯಂಥ ಎರಡು ಬಿರುಕು.

ಹೆದರಿಕೆಯಾಯಿತು. ಆ ಬಾಲ್ಕನಿಯ ಮೇಲೆ ನೂರಾರು ಜನ, ಮೇಲೆ ಆ ಕತ್ತರಿಗಳು, ಕೆಳಗೆ ನನ್ನ ಸಹಿ. ವಾಪಸು ಬರುವಾಗ ಬಸ್ಸಿನಲ್ಲೇ ಎರಡು ಸಾಲು ಬರೆದುಬಿಟ್ಟೆ: ಕಟ್ಟಡ ಅಪಾಯಕಾರಿ ಸ್ಥಿತಿಯಲ್ಲಿದೆ. ಕೆಡವಬಹುದು.

ಮರುದಿನ ಮಧ್ಯಾಹ್ನ ಆ ಕಾಗದವನ್ನು ಸಾಹೇಬರ ಮೇಜಿಗೆ ಕಳಿಸಬೇಕು ಎನ್ನುವಾಗ ಸುಶೀಲಕ್ಕ ಮತ್ತಿಬ್ಬರನ್ನು ಕರೆದುಕೊಂಡು ಕುಂದಾಪುರದ ಆಫೀಸಿಗೇ ಬಂದಳು. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದರು.

"ಎಂತ ಬರ್ದ್ರಿ ಅಮ್ಮ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕಾಗದ ಓದಿ ಹೇಳಿದೆ. ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು, ಅಂಗಡಿಯಲ್ಲಿ ಸಾಮಾನಿನ ಚೀಟಿ ಓದುವವಳ ಹಾಗೆ ಒಂದೊಂದೇ ಕೇಳಿದಳು.

"ಗ್ವಾಡಿ ಹಾಳಾಯ್ತಾ?"

"ಇಲ್ಲ."

"ಅಡಿಪಾಯ?"

"ಅದೂ ಗಟ್ಟಿಯಾಗಿದೆ."

"ಕತ್ತರಿ ಅಷ್ಟೂ ಹಾಳಾಯ್ತಾ?"

"ನಾಲ್ಕು ಹಾಳಾಗಿದೆ. ಅದೂ ತುದಿ ಮಾತ್ರ."

"ನಾಲ್ಕ್ ಕತ್ತರಿ ತುದಿ ಹೋಯ್ತ್ ಅಂದ್ ಅಷ್ಟ್ ದೊಡ್ಡ್ ಟಾಕೀಸ್ ಒಡುದಾ? ನಿಮ್ಮ್ ಮನಿ ಮಾಡ್ ಸೋರ್ರೆ ನೀವ್ ಮನಿ ಒಡಿತ್ರ್ಯಾ?"

ನಾನು ಓದಿದ್ದು ಇದನ್ನೇ ಅಲ್ಲವೇ ಅನ್ನಿಸಿತು. ಯಾವುದು ಹಾಳಾಗಿದೆ, ಯಾವುದು ಇಲ್ಲ, ಏನು ಮಾಡಿದರೆ ನಿಲ್ಲುತ್ತದೆ ಎಂದು ಹೇಳುವುದಕ್ಕೇ ನನಗೆ ಸಂಬಳ. ಎರಡು ಸಾಲಿನ ಕಾಗದ ಹರಿದು ಹಾಕಿದೆ. ಸಂಜೆಯವರೆಗೆ ಕೂತು ಮೂರು ಪುಟ ಬರೆದೆ: ಈಗಿನ ಸ್ಥಿತಿಯಲ್ಲಿ ಜನರನ್ನು ಬಿಡುವಂತಿಲ್ಲ, ಈ ಕೆಳಗಿನ ಹನ್ನೊಂದು ಕೆಲಸಗಳನ್ನು ಮಾಡಿ, ಬಾಲ್ಕನಿಯ ಭಾರ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಬಿಡಬಹುದು.

ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಹನ್ನೊಂದು ಕೆಲಸ! ಇದನ್ನೆಲ್ಲ ಮಾಡೋರು ಯಾರಮ್ಮ?"

"ಗೊತ್ತಿಲ್ಲ ಸಾರ್."

ಅವರು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು.

ಮಾಡುವವರು ಯಾರು ಎಂದು ಮುಂದಿನ ಭಾನುವಾರ ಗೊತ್ತಾಯಿತು. ನನ್ನ ಹನ್ನೊಂದು ಕೆಲಸಗಳ ಪಟ್ಟಿಯನ್ನು ಯಾರೋ ದೊಡ್ಡ ಅಕ್ಷರದಲ್ಲಿ ಬರೆದು ಟಾಕೀಸಿನ ಗೇಟಿಗೆ, ಹಿಂದೆ ಪೋಸ್ಟರ್ ಅಂಟಿಸುತ್ತಿದ್ದ ಹಲಗೆಗೇ ಅಂಟಿಸಿದ್ದರು. ವಾಸುದೇವಣ್ಣ ಅದನ್ನು ಓದಿ ತಲೆ ಅಲ್ಲಾಡಿಸಿದರು. "ಇಷ್ಟ್ ಮಾಡುಕೆ ನನ್ನಿಂದ ಆತಿಲ್ಲ."

"ನೀವ್ ಮಾಡೂದ್ ಬ್ಯಾಡ" ಅಂದಳು ಸುಶೀಲಕ್ಕ. "ಬೀಗದ್ ಕೈ ಕೊಡಿ ಸಾಕ್. ನಾವ್ ಮಾಡ್ತೊ."

ವಾಸುದೇವಣ್ಣ ಬೀಗದ ಕೈ ಕೊಟ್ಟರು. "ನೂಲ ಹುಣ್ಮಿಯೊಳ್ಗೆ ಆಯ್ಕ್. ಇಲ್ದಿದ್ರೆ ಒಡ್ಸುದೇ" ಎಂದು ಹೇಳಿಯೂ ಹೋದರು. ಆ ಗಡುವಿಗೆ ಅರ್ಥವಿತ್ತು. ಮಳೆಗಾಲದ ಎರಡು ತಿಂಗಳು ಬೋಟುಗಳಿಗೆ ರಜೆ. ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮುಗಿಸಿ ಗಂಡಸರೆಲ್ಲ ಕಡಲಿಗೆ ಇಳಿದರೆ ಮತ್ತೆ ಕೆಲಸಕ್ಕೆ ಒಬ್ಬರೂ ಸಿಗುವುದಿಲ್ಲ.

ಗೇರುಬೀಜದ ಹೆಂಗಸರು ಮನೆಮನೆಗೆ ಹೋದರು. ಅವರು ದುಡ್ಡು ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಕೆಲಸ ಬರುತ್ತದೆ ಎಂದು ಕೇಳಿದರು. ಹಾಗೆ ಸಿಕ್ಕಿದವರು ಬೋಟು ಕಟ್ಟುವ ನಾಗಪ್ಪ ಮೇಸ್ತ್ರಿ. ಅರವತ್ತು ದಾಟಿದ ಗಿಡ್ಡ ಮನುಷ್ಯ, ಮಾತು ಕಡಿಮೆ. ಟಾಕೀಸಿನ ನಡುವೆ ನಿಂತು ಕತ್ತೆತ್ತಿ ಎಷ್ಟೋ ಹೊತ್ತು ಮಾಡು ನೋಡಿ, "ಇದ್ ದೋಣಿಯೇ ಅಲ್ದಾ. ಮಗ್ಚಿ ಹಾಕಿದ್ರ್ ಅಷ್ಟೇ" ಅಂದರು.

ಕೊಳೆತ ತುದಿಗಳನ್ನು ಕತ್ತರಿಸಿ ಹೊಸ ಮರ ಜೋಡಿಸಬೇಕಿತ್ತು. ನಾನು ಎರಡು ದಿನ ಕೂತು, ಜೋಡಣೆ ಎಷ್ಟು ಉದ್ದ ಇರಬೇಕು, ಎಷ್ಟು ಬೋಲ್ಟು, ಎಷ್ಟು ದಪ್ಪ ಎಂದೆಲ್ಲ ಲೆಕ್ಕ ಹಾಕಿಕೊಂಡು ಹೋದೆ. ಮೇಸ್ತ್ರಿ ಆಗಲೇ ಒಂದು ತುದಿ ಸೀಳಿ, ಓರೆಯಾಗಿ ಕೊಯ್ದು, ಬೋಟಿಗೆಂದಿಟ್ಟಿದ್ದ ಹೆಬ್ಬಲಸಿನ ಮರದ ತುಂಡು ಕೂರಿಸಿಯೂ ಆಗಿತ್ತು. ಅಳತೆಪಟ್ಟಿ ಹಿಡಿದು ನೋಡಿದೆ. ನನ್ನ ಲೆಕ್ಕಕ್ಕಿಂತ ಎರಡು ಇಂಚು ಉದ್ದ.

"ನಿಮ್ಮ ಲೆಕ್ಕ ಹೇಗೆ ಮೇಸ್ತ್ರಿಗಳೇ?"

"ಕಡಲಗೆ ಜೋಡ್ಸಿದ್ ಬಿಟ್ಕಂಬ ಹಾಂಗಿಲ್ಲ ಅಮ್ಮ. ಅದೇ ಲೆಕ್ಕ."

ನನ್ನ ಲೆಕ್ಕದ ಕಾಗದವನ್ನು ನಾನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಜೂನ್ ಜುಲೈ ಎರಡು ತಿಂಗಳೂ ವಾರದ ರಜೆಯ ದಿನ, ಎಷ್ಟೋ ಸಂಜೆ ಆಫೀಸು ಮುಗಿಸಿಯೂ, ನಾನು ಬೈಂದೂರಿನಲ್ಲೇ ಇದ್ದೆ. ಬೋಟಿನ ಟಾರ್ಪಾಲು ತಂದು ಮಾಡಿನ ಮೇಲೆ ಕಟ್ಟಿ, ಒಂದು ಸಲಕ್ಕೆ ಎರಡು ಅಂಕಣದಷ್ಟೇ ಹಂಚು ಬಿಚ್ಚಿ, ಅದನ್ನು ಮುಗಿಸಿ ಮುಂದಕ್ಕೆ ಹೋಗುವುದು. ಹಂಚು ಹೊರುವ ಹೊಸ ಪಕ್ಕಾಸು, ಹೊಸ ರೀಪಿಗೆ ಬಳಿಯಲು ಸಿಪ್ಪೆ ಎಣ್ಣೆ ಬಂದದ್ದು ಕಾರ್ಖಾನೆಯಿಂದ. ಅದನ್ನು ಬಳಿದದ್ದು ಹೆಂಗಸರೇ. ಅದರ ಗುಣ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ನಾನೂ ಬಳಿಯುತ್ತೇನೆ ಎಂದು ಕುಂಚಕ್ಕೆ ಕೈ ಹಾಕಿದಾಗ ಸುಶೀಲಕ್ಕ ನನ್ನ ಕೈ ಎಳೆದುಕೊಂಡು ಮೊಣಕೈವರೆಗೆ ಹರಳೆಣ್ಣೆ ತಿಕ್ಕಿದಳು. "ನಿಮ್ಮ್ ಕೈ ಸಹಿ ಹಾಕೂ ಕೈ ಅಮ್ಮ. ಸುಲ್ದ್ ಹೋಪುದ್ ಬ್ಯಾಡ" ಅಂದಳು. ಕಾರ್ಖಾನೆಯ ಕೆಲಸ ಮುಗಿಸಿ ಸಂಜೆ ಐದಕ್ಕೆ ಬಂದು, ನೆಲದಿಂದ ಮಾಡಿನವರೆಗೆ ಸಾಲಾಗಿ ನಿಂತು, ಹಂಚುಗಳನ್ನು ಕೈಯಿಂದ ಕೈಗೆ ದಾಟಿಸುವಾಗ ಅವರು ಯಾರ ಮನೆಯ ಗುಟ್ಟನ್ನೂ ಆಡಿಕೊಳ್ಳದೆ ಬಿಡುತ್ತಿರಲಿಲ್ಲ. ಕುಂದಾಪ್ರ ಕನ್ನಡವನ್ನು ನಾನು ಕಲಿತದ್ದು ಆ ಹಂಚಿನ ಸಾಲಿನಲ್ಲಿ ನಿಂತು.

ಬಲೆ ಕಟ್ಟುವ ಗಂಡಸರು ಪರದೆ ಹೊಲಿದರು. ದಪ್ಪ ಬಿಳಿ ಬಟ್ಟೆಯ ಪಟ್ಟಿಗಳನ್ನು ನೆಲಕ್ಕೆ ಹಾಸಿ, ಸುತ್ತ ಕೂತು, ಬೀಡಿ ಸೇದುತ್ತ ಹೊಲಿದರು. ಬಟ್ಟೆಗೆ ಕಿಡಿ ಬಿದ್ದೀತೆಂದು ಸುಶೀಲಕ್ಕ ಬೀಡಿ ಕಿತ್ತು ಎಸೆದ ಮೇಲೆ ಎಲೆಯಡಿಕೆ ಹಾಕಿಕೊಂಡು ಹೊಲಿದರು. ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕು, ಹಾಗಿತ್ತು.

ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಚಾದಂಗಡಿ ಇಟ್ಟಿದ್ದ ಬಾಬಣ್ಣ ಬಂದರು. ಟಾಕೀಸಿನ ಹಳೆಯ ಆಪರೇಟರ್ ಅವರು. ಎದೆಗವಚಿಕೊಂಡ ಒಂದು ಗಂಟು ಬಿಚ್ಚಿದರು. ಹಳೆಯ ಸೀರೆಯ ಐದಾರು ಸುತ್ತಿನೊಳಗೆ ಪ್ರೊಜೆಕ್ಟರಿನ ಲೆನ್ಸು, ಒಂದು ಗೀರೂ ಇಲ್ಲದೆ.

"ಬೂಷ್ಟ್ ಹಿಡಿತ್ತ್ ಅಂದ್ ಮನ್ಯಗೆ ಅಕ್ಕಿ ಡಬ್ಬಿ ಒಳ್ಗೆ ಇಟ್ಕಂಡಿದ್ದೆ" ಅಂದರು.

"ಲೆನ್ಸ್ ಸರಿ. ಮಿಷನ್ನು ಏಳು ವರ್ಷ ನಿಂತಿದೆಯಲ್ಲ, ತುಕ್ಕು ಹಿಡಿದಿರಲ್ವಾ?" ಎಂದು ಕೇಳಿದೆ.

ಬಾಬಣ್ಣ ನೆಲ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, ತಿಂಗಳಿಗೊಂದು ಸಲ ಹಿಂದಿನ ಕಿಟಕಿಯಿಂದ ಒಳಗೆ ಇಳಿದು ಮಿಷನ್ನಿಗೆ ಎಣ್ಣೆ ಹಾಕಿ, ಕೈಯಲ್ಲಿ ಹತ್ತು ಸುತ್ತು ತಿರುಗಿಸಿ ಹೋಗುತ್ತಿದ್ದೆ ಎಂದರು.

ವಾಸುದೇವಣ್ಣ ಅಲ್ಲೇ ಬಾಗಿಲಲ್ಲಿ ನಿಂತಿದ್ದರು. ದಿನಾ ಒಂದು ಸಲ ಬಂದು ನೋಡಿ ಹೋಗುವುದು ಅವರಿಗೆ ಅಭ್ಯಾಸವಾಗಿತ್ತು. "ಆ ಕಿಟ್ಕಿ ಕೊಂಡಿ ಮುರ್ದದ್ ನೀನಾ? ಏಳ್ ವರ್ಷದಿಂದ ಕಳ್ರ್ ಬತ್ರ್ ಅಂದ್ ಎಣ್ಸ್ಕಂಡಿದ್ದೆ!" ಎಂದು ಗದರಿಸಿದರು. ವಾಸುದೇವಣ್ಣ ಗೋಡೆಯ ಕಡೆ ತಿರುಗಿ ನಿಂತು ಕನ್ನಡಕ ಒರೆಸಿಕೊಂಡರು. ಮರುದಿನ ಬೆಳಿಗ್ಗೆ ಅವರ ಅಂಗಡಿಯಿಂದ ಬೋಲ್ಟು, ಮೊಳೆ, ಸುಣ್ಣ, ಬಣ್ಣ ತುಂಬಿದ ಟೆಂಪೊ ಬಂತು. ಹಿಂದೆಯೇ ಲುಂಗಿ ಎತ್ತಿ ಕಟ್ಟಿಕೊಂಡು ವಾಸುದೇವಣ್ಣನೂ ಬಂದರು.

ಕೊನೆಯ ಕತ್ತರಿ ಏರಿಸಿದ ದಿನ ಗಾಳಿಮಳೆ. ಅದೊಂದನ್ನು ಪೂರ್ತಿ ಕೆಳಗಿಳಿಸಿ ರಿಪೇರಿ ಮಾಡಬೇಕಾಗಿ ಬಂದಿತ್ತು. ಮಾಡು ಅಲ್ಲಿ ತೆರೆದೇ ಇತ್ತು. ಟಾರ್ಪಾಲು ಹಾಯಿಯಂತೆ ಉಬ್ಬಿ ಹಗ್ಗ ಕಿತ್ತುಕೊಂಡು ಹೋಗುವಂತೆ ಬಡಿದುಕೊಳ್ಳುತ್ತಿತ್ತು. ನಾಳೆ ನೋಡೋಣ ಎಂದು ನಾನು ಹೇಳಿದರೆ ಮೇಸ್ತ್ರಿ, "ನಾಳಿಕ್ ಗ್ವಾಡಿ ನೆನಿತ್ತ್. ಇವತ್ತೇ" ಅಂದರು. ಬಲೆ ಎಳೆಯುವ ಮೂವತ್ತು ಗಂಡಸರು ಎರಡೂ ಕಡೆ ಹಗ್ಗ ಹಿಡಿದರು. ಮೇಸ್ತ್ರಿ ಕೈ ಎತ್ತಿದಾಗ ಎಳೆದು, ಕೈ ಇಳಿಸಿದಾಗ ಹಿಡಿದು ನಿಂತರು. ಮುಖದ ಮೇಲೆ ಮಳೆ ಹೊಡೆಯುತ್ತಿದ್ದರೂ ಯಾರೂ ಕಣ್ಣು ಒರೆಸಲಿಲ್ಲ. ಆನೆಯಂಥ ಆ ಮರದ ಕತ್ತರಿ ಗೇಣು ಗೇಣಾಗಿ ಏರಿ ಗೋಡೆಯ ಮೇಲೆ ಕೂತಾಗ ಗೋಡೆಯಿಂದ ಢಬ್ಬೆಂದು ಒಂದೇ ಸದ್ದು ಬಂತು. ಕೆಳಗಿದ್ದ ಹೆಂಗಸರು ಕೂಗಿದ ಕೂಗಿಗೆ ಕಾರ್ಖಾನೆಯ ಮೆನೇಜರು ಓಡಿ ಬಂದರು.

ಹತ್ತು ಕೆಲಸ ಮುಗಿಯಿತು. ಬಾಲ್ಕನಿಯ ಬಿರುಕಿಗೆ ಸಿಮೆಂಟು ಹಾಲು ತುಂಬಿಸಿ ಹನ್ನೊಂದನೆಯದೂ ಮುಗಿಯಿತು. ಉಳಿದದ್ದು ಭಾರ ಪರೀಕ್ಷೆ.

ಪರೀಕ್ಷೆ ಹೀಗೆ: ಜನ ತುಂಬಿ ಕೂತರೆ ಎಷ್ಟು ಭಾರವೋ ಅದಕ್ಕಿಂತ ಕಾಲು ಪಾಲು ಹೆಚ್ಚು ಭಾರವನ್ನು ಬಾಲ್ಕನಿಯ ಮೇಲೆ ಇಡಬೇಕು. ಒಂದು ದಿನ ಪೂರ್ತಿ ಬಿಡಬೇಕು. ಕಾಂಕ್ರೀಟು ಕೂದಲೆಳೆಯಷ್ಟು ಬಾಗುತ್ತದೆ. ಭಾರ ತೆಗೆದ ಮೇಲೆ ಇನ್ನೊಂದು ದಿನದೊಳಗೆ, ಬಾಗಿದ್ದರಲ್ಲಿ ಮುಕ್ಕಾಲು ಪಾಲಾದರೂ ಅದು ಮೇಲಕ್ಕೆ ಮರಳಬೇಕು. ಮರಳದಿದ್ದರೆ ಫೇಲು. ಅದನ್ನು ಅಳೆಯುವ ಉಪಕರಣ ಕೈಗಡಿಯಾರದಂತೆ ದುಂಡಗಿರುತ್ತದೆ, ಒಳಗೊಂದು ಮುಳ್ಳು. ಅದನ್ನು ಬಾಲ್ಕನಿಯ ಅಡಿಗೆ ತಾಗಿಸಿ ನಿಲ್ಲಿಸಿದೆ. ಊರವರು ಅದನ್ನು ಗಡಿಯಾರ ಎಂದೇ ಕರೆದರು.

ಚೀಲಗಳಿಗೆ ಮರಳು ತುಂಬಿ, ತೂಗಿ, ಹೆಂಗಸರೇ ಹೊತ್ತು ಮೇಲಿಟ್ಟರು. ಈ ಬಾಲ್ಕನಿಯಲ್ಲಿ ಅವರಲ್ಲಿ ಒಬ್ಬರೂ ಯಾವತ್ತೂ ಕೂತವರಲ್ಲ. ಅವರದ್ದು ಯಾವಾಗಲೂ ಕೆಳಗೆ, ಮುಂದಿನ ಬೆಂಚು. ಮೊದಲ ಸಲ ಮೆಟ್ಟಿಲು ಹತ್ತಿದವರು ಅಲ್ಲಿಂದ ಪರದೆ ಹೇಗೆ ಕಾಣುತ್ತದೆ ಎಂದು ನೋಡಿ ಬೆರಗಾದರು. ಒಬ್ಬಳು ತನ್ನ ಚೀಲವನ್ನು ಮೊದಲ ಸಾಲಿನ ಮಧ್ಯಕ್ಕೆ ಇಟ್ಟು, "ಇದ್ ನನ್ ಜಾಗ. ನನ್ ಚೀಲ ಕೂತಲ್ಲೇ ನಾನ್ ಕೂಕಂಬುದ್" ಅಂದಳು. ಆಮೇಲೆ ಒಳ್ಳೆಯ ಜಾಗಕ್ಕೆ ಚೀಲ ಇಡಲು ಜಗಳವೇ ನಡೆಯಿತು.

ಮುಳ್ಳು ಇಳಿಯಿತು. ಮರುದಿನದವರೆಗೆ ಕಾದು ಚೀಲಗಳನ್ನು ತೆಗೆಸಿದೆ. ಎಲ್ಲರೂ ಕೆಳಗೆ ಬಂದು ಗಡಿಯಾರದ ಸುತ್ತ ನಿಂತರು. ಮುಳ್ಳು ಹಿಂದಕ್ಕೆ ತಿರುಗಿತು, ತಿರುಗಿತು, ನಿಂತಿತು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮುಕ್ಕಾಲು ಆಗಿರಲಿಲ್ಲ.

ಬಾಬಣ್ಣ ಮೆಲ್ಲಗೆ, "ಅಮ್ಮ, ಚೂರ್ ಅಲ್ದಾ ಕಮ್ಮಿ? ಸರಿ ಇತ್ತ್ ಅಂದ್ ಬರ್ದ್ ಕೊಡುಕ್ ಆತಿಲ್ಯಾ?" ಎಂದು ಕೇಳಿದರು. ನನಗೂ ಆ ಆಸೆ ಒಂದು ಗಳಿಗೆ ಬಂದಿತ್ತು. ಇಲ್ಲ ಎಂದರೆ ಸುಳ್ಳಾದೀತು. ಉತ್ತರ ಕೊಟ್ಟದ್ದು ಸುಶೀಲಕ್ಕ.

"ಇದ್ದದ್ ಇದ್ದ ಹಾಂಗೆ ಬರ್ದ್ ಕೊಡಿ ಅಮ್ಮ. ಸುಳ್ಳ್ ಬರ್ದ್ ಟಾಕೀಸ್ ತೆಗುದ್ ಬ್ಯಾಡ. ಅದ್ರ್ ಒಳ್ಗೆ ಕೂಕಂಬುದ್ ನಾವೇ ಅಲ್ದಾ?"

"ಇನ್ನೂ ಒಂದು ದಿನ ಇದೆ. ನಾಳೆ ಬೆಳಿಗ್ಗೆ ನೋಡೋಣ" ಅಂದೆ. ಹೇಳಿದ್ದೇನೋ ಹೇಳಿದೆ. ರೂಮಿಗೆ ಬಂದು ಪುಸ್ತಕ ತೆಗೆದು ಆ ನಿಯಮವನ್ನು ಎಷ್ಟು ಸಲ ಓದಿದೆನೋ. ಓದಿದಷ್ಟೂ ಅದು ಮುಕ್ಕಾಲು ಎಂದೇ ಇತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಕಾರ್ಖಾನೆಯ ಸೈರನ್ನಿಗೆ ಇನ್ನೂ ಹೊತ್ತಿತ್ತು. ಗೇಟಿನೆದುರು ಬುತ್ತಿ ಹಿಡಿದುಕೊಂಡು ಎಲ್ಲರೂ ನಿಂತಿದ್ದರು. ನಾಗಪ್ಪ ಮೇಸ್ತ್ರಿ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಒಬ್ಬಳೇ ಒಳಗೆ ಹೋಗಿ ಗಡಿಯಾರಕ್ಕೆ ಬ್ಯಾಟರಿಯ ಬೆಳಕು ಬಿಟ್ಟೆ. ಒಂದು ಸಲ ನೋಡಿದೆ. ನಂಬಿಕೆ ಬರದೆ ಬೆರಳಿನಿಂದ ಮೆಲ್ಲಗೆ ತಟ್ಟಿ ಇನ್ನೊಂದು ಸಲ ನೋಡಿದೆ. ಮುಳ್ಳು ಮುಕ್ಕಾಲು ದಾಟಿ ಮುಂದೆ ಹೋಗಿತ್ತು. ಇನ್ನೊಂದಿಷ್ಟಾದರೆ ಹೊರಟಲ್ಲಿಗೇ ಬರುತ್ತಿತ್ತು.

ಹೊರಗೆ ಬಂದು, "ಇತ್ತ್!" ಅಂದೆ. "ಟಾಕೀಸ್ ಇತ್ತ್!"

ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಬಾಬಣ್ಣ ಎರಡು ಬೆರಳು ಬಾಯಿಗಿಟ್ಟು ಹೊಡೆದ ಸೀಟಿ! ನಾಯಕ ಪರದೆಯ ಮೇಲೆ ಬಂದಾಗ ಹೊಡೆಯುವಂಥದ್ದು. ಸುಶೀಲಕ್ಕ ನನ್ನನ್ನು ಸೊಂಟಕ್ಕೆ ಹಿಡಿದು ಎತ್ತಿಯೇಬಿಟ್ಟಳು. ಅಷ್ಟು ತೆಳ್ಳಗಿನವಳಿಗೆ ಅಷ್ಟು ಬಲ ಎಲ್ಲಿತ್ತೋ. ಆವತ್ತು ಕಾರ್ಖಾನೆಗೆ ಅರ್ಧ ಗಂಟೆ ತಡವಾಗಿ ಹೋದದ್ದಕ್ಕೆ ಅವರೆಲ್ಲರ ಹೆಸರಿನ ಮುಂದೆ ಕೆಂಪು ಗೆರೆ ಬಿತ್ತಂತೆ. ಅದನ್ನು ಅವರು ಬಹಳ ದಿನ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಸಾಹೇಬರು ತಾವೇ ಬಂದು ನೋಡಿದರು. ಗೋಡೆ ತಟ್ಟಿದರು, ಏಣಿ ಹತ್ತಿ ಮೇಸ್ತ್ರಿಯ ಜೋಡಣೆಗಳ ಮೇಲೆ ಕೈಯಾಡಿಸಿದರು. ಕೊನೆಗೆ ಬಾಲ್ಕನಿಯ ನಡುವೆ ನಿಂತು, ಸುತ್ತ ಯಾರೂ ಇಲ್ಲ ಎಂದುಕೊಂಡು, ಎರಡು ಸಲ ಎಗರಿದರು. ಕೆಳಗಿನಿಂದ ನಾವೆಲ್ಲ ನೋಡುತ್ತಿದ್ದೆವು. ಇಳಿದು ಬಂದು ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. ಲೈಸೆನ್ಸಿನ ಓಡಾಟವನ್ನು ವಾಸುದೇವಣ್ಣ ಮಾಡಿದರು. ನೂಲ ಹುಣ್ಣಿಮೆ ಬಂತು, ಬೋಟುಗಳು ಕಡಲಿಗೆ ಹೋದವು.

ಟಾಕೀಸು ಆಮೇಲೆ ಎಂಟು ವರ್ಷ ನಡೆಯಿತು. ಎರಡು ವರ್ಷಕ್ಕೆ ನನಗೆ ವರ್ಗವಾಯಿತು. ಅಲ್ಲಿರುವಷ್ಟು ದಿನ ಒಂದು ಭಾನುವಾರವೂ ತಪ್ಪಿಸಲಿಲ್ಲ. ರೀಲಿನ ಕಾಲ ಮುಗಿದು ಬಾಬಣ್ಣನ ಮಿಷನ್ನು ನಿಂತ ಮೇಲೆ ಅಲ್ಲಿ ನಾಟಕ, ಯಕ್ಷಗಾನ, ಮದುವೆ ನಡೆಯುತ್ತಿವೆ ಎಂದು ಸುಶೀಲಕ್ಕ ಫೋನಿನಲ್ಲಿ ಹೇಳುತ್ತಿರುತ್ತಾಳೆ. ಅವಳ ಮಗಳ ಮದುವೆ ಆದದ್ದೂ ಅಲ್ಲೇ, ಆ ಒಂಬತ್ತು ಕತ್ತರಿಗಳ ಕೆಳಗೆ.

ನನಗೆ ನೆನಪಿರುವುದು ಮಾತ್ರ ಸೆಪ್ಟೆಂಬರಿನ ಆ ಮೊದಲ ಭಾನುವಾರದ ಮಧ್ಯಾಹ್ನ. ಮೊದಲ ಆಟ ಕೆಲಸ ಮಾಡಿದವರಿಗೆಂದೇ ಇಟ್ಟಿದ್ದರು. ಬಾಲ್ಕನಿ ಪೂರ್ತಿ ಹೆಂಗಸರದೇ. ಎಲ್ಲರ ತಲೆಯಲ್ಲೂ ಅಬ್ಬಲಿಗೆ ಹೂ; ಕತ್ತಲೆಯಲ್ಲೂ ಅದರ ಕೇಸರಿ ಬಣ್ಣ ಕಾಣುತ್ತಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಚೀಲ ಇಟ್ಟ ಜಾಗ ಹುಡುಕಿಯೇ ಕೂತರು. ನನ್ನನ್ನು ಸುಶೀಲಕ್ಕ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಕೆಳಗೆ ಜಾಗ ಸಿಗದೆ ವಾಸುದೇವಣ್ಣ ತಮ್ಮದೇ ಟಾಕೀಸಿನಲ್ಲಿ ಬಾಗಿಲಿಗೆ ಒರಗಿ ನಿಂತಿದ್ದರು.

ಹಳೆಯ ಕಪ್ಪುಬಿಳುಪು ಪಿಚ್ಚರು, ಗೀರು ಬಿದ್ದ ರೀಲು. ಶುರುವಾಗಿ ಅರ್ಧ ಗಂಟೆಯಾಗಿರಬೇಕು. ನಾಯಕಿ ಅಳುತ್ತಿದ್ದಳು, ಅವಳ ಜೊತೆಗೆ ಬಾಲ್ಕನಿಯೂ ಅಳುತ್ತಿತ್ತು. ಆಗ ದಡಬಡ ಸದ್ದು ಮಾಡಿಕೊಂಡು ಹಂಚಿನ ಮೇಲೆ ಮಳೆ ಬಂತು. ಸಣ್ಣ ಮಳೆಯಲ್ಲ, ನಾಯಕಿಯ ಮಾತು ಕೇಳದಷ್ಟು ಜೋರು.

ಇಡೀ ಟಾಕೀಸಿನಲ್ಲಿ ಒಬ್ಬರೂ ಪರದೆ ನೋಡಲಿಲ್ಲ. ಎಲ್ಲರ ಕತ್ತೂ ಮೇಲಕ್ಕೆ. ಹಂಚು ದಾಟಿಸಿದವರು ಹಂಚು ನೋಡಿದರು, ಎಣ್ಣೆ ಬಳಿದವರು ಪಕ್ಕಾಸು ನೋಡಿದರು. ಮೇಸ್ತ್ರಿ ಎದ್ದು ನಿಂತು ಕೊನೆಯ ಕತ್ತರಿಯ ತುದಿ ನೋಡಿದರು. ನಾನು ಅಂಗೈ ಚಾಚಿ ಕೂತೆ. ಒಂದು ನಿಮಿಷ, ಎರಡು ನಿಮಿಷ. ಒಂದು ಹನಿಯೂ ಬೀಳಲಿಲ್ಲ.

ಸುಶೀಲಕ್ಕ ಕಣ್ಣೊರೆಸಿಕೊಂಡು ಎದ್ದು ನಿಂತಳು. ಮಳೆಯ ಸದ್ದಿನ ಮೇಲೆ ಕೇಳುವ ಹಾಗೆ ಕೂಗಿದಳು:

"ಹ್ವಾಯ್! ಎಲ್ಲ ಬಂದದ್ ಮಾಡ್ ಕಾಂಬುಕಾ? ಪಿಚ್ಚರ್ ಕಾಣಿ ಮರ್ರೆ!"

ನಗುವಿನ ನಡುವೆ ಒಬ್ಬೊಬ್ಬರೇ ಪರದೆಯ ಕಡೆ ತಿರುಗಿದರು. ನನಗೆ ಮಾತ್ರ ಮಾಡಿನಿಂದ ಕಣ್ಣು ಕೀಳಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.